ಅಪ್ಪನ ಬ್ಯಾಗಿನಲ್ಲಿ ಮಳೆಯ ಗ್ಲಾಸು

ಕೊಲಂಬೊ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನಮ್ಮ ಫೋನುಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬ ಸೇರಿದವು. ಮಗಳು ಮುಚ್ಚಳಕ್ಕೆ ಮೂರು ಸುತ್ತು ಟೇಪ್ ಅಂಟಿಸಿದಳು. ಹದಿಮೂರರ ಅವಳು ಹಾಕಿದ್ದ ಷರತ್ತು ಅದೊಂದೇ: ಎಂಟು ದಿನ ಯಾರೂ ಇಂಟರ್‌ನೆಟ್ ಮುಟ್ಟಬಾರದು. ಹಿಂದಿನ ಪ್ರವಾಸದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಪತ್ರಿಕೆಗೆ ಸುದ್ದಿ ಕಳಿಸುತ್ತ ಕೂತಿದ್ದವನು ನಾನು. ಹಾಗಾಗಿ ವಾದಿಸುವ ಮುಖವಿರಲಿಲ್ಲ. ಹೆಂಡತಿ ಟಿಕೆಟು, ಹೋಟೆಲಿನ ಚೀಟಿಗಳನ್ನೆಲ್ಲ ಪ್ರಿಂಟ್ ಮಾಡಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದಳು.

ಕೊನೆಯವರೆಗೂ ಫೋನ್ ಬಿಡದವರು ಅಪ್ಪ.

ಅವರಿಗೆ ಕಾರಣವಿತ್ತು. ಸಕಲೇಶಪುರದಾಚೆ ವನಗೂರಿನ ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ. ಅದು ಹೂಮಳೆಯ ಕಾಲ. ಒಂದಿಂಚು ಮಳೆ ಒಟ್ಟಿಗೆ ಬಿದ್ದರೆ ಮೊಗ್ಗೆಲ್ಲ ಅರಳುತ್ತದೆ. ಅರೆಬರೆ ಬಿದ್ದರೆ ಒಂದೆರಡು ದಿನದೊಳಗೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ನಾವೇ ಕೊಡಬೇಕು. ತಡವಾದರೆ ಮೊಗ್ಗು ಕರಟಿ ಆ ವರ್ಷದ ಬೆಳೆಯೇ ಹೋಗುತ್ತದೆ. ಕೆರೆಯಲ್ಲಿದ್ದದ್ದು ಒಂದೇ ಸಲಕ್ಕೆ ಸಾಲುವ ನೀರು. ಮಳೆ ಚೆನ್ನಾಗಿ ಬಂದರೆ ಅದನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳಬೇಕು.

ಅದಕ್ಕೇ ನಮ್ಮಲ್ಲಿ ಮಳೆಯನ್ನು ಅಳೆಯುತ್ತಾರೆ. ನೂರು ಸೆಂಟ್ ಅಂದರೆ ಒಂದಿಂಚು. ಬೆಳಿಗ್ಗೆ ಎಂಟಕ್ಕೆ ಅಂಗಳದ ರೈನ್‌ಗೇಜಿನ ಕ್ಯಾನಿನಿಂದ ನೀರನ್ನು ಗೆರೆ ಕೊರೆದ ಗ್ಲಾಸಿಗೆ ಸುರಿದು, ಸೆಂಟು ನೋಡಿ, ಪುಸ್ತಕದಲ್ಲಿ ಬರೆದು, ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕುವುದು ಅಪ್ಪನ ದಿನಚರಿ. ಈಗ ಆ ಕೆಲಸವನ್ನು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಒಪ್ಪಿಸಿ ಬಂದಿದ್ದರು. "ಅರವತ್ತು ಸೆಂಟಿಗಿಂತ ಕಮ್ಮಿ ಬಂದ್ರೆ ಮೋಟರ್ ಹಾಕು. ಜಾಸ್ತಿ ಬಂದ್ರೆ ಕೆರೆ ನೀರು ಮುಟ್ಟಬ್ಯಾಡ," ಎಂದು ಮೂರು ಸಲ ಹೇಳಿದ್ದನ್ನು ನಾನೇ ಕೇಳಿದ್ದೆ.

"ಅಲ್ಲಿ ಮಳೆ ಬಂದ್ರೆ ನಂಗೆ ಹೆಂಗ್ ಗೊತ್ತಾಗ್ಬೇಕು?" ಎಂದರು ಅಪ್ಪ, ಫೋನನ್ನು ಎದೆಗೆ ಒತ್ತಿಕೊಂಡು.

"ನೀವು ಫೋನ್ ನೋಡ್ತಾ ಕೂತ್ರೆ ಮಾತ್ರ ಮಳೆ ಬರಾದಾ? ಮೋಡಕ್ಕೆ ನಿಮ್ ನಂಬರ್ ಕೊಟ್ಟಿದೀರಾ?" ಎಂದರು ಅಮ್ಮ. ಅಪ್ಪ ಫೋನ್ ಕೊಟ್ಟರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಸ್ನಾನಕ್ಕೆಂದು ಅಪ್ಪ ಬ್ಯಾಗಿನಿಂದ ಟವೆಲ್ ಎಳೆದರು. ಅದರೊಳಗಿಂದ ಗೆರೆ ಕೊರೆದ ಗ್ಲಾಸು ಹೊರಬಂತು. ಅಳೆದಾದ ಮೇಲೆ ಒಡೆಯದಿರಲೆಂದು ಅವರು ಅದನ್ನು ಟವೆಲಿನಲ್ಲಿ ಸುತ್ತಿಡುತ್ತಿದ್ದರು. ಹೊರಡುವ ಗಡಿಬಿಡಿಯಲ್ಲಿ ಟವೆಲ್ ಎಂದುಕೊಂಡು ತುರುಕಿದ್ದರು.

"ಅಯ್ಯೋ, ಇದ್ನ ಇಲ್ಲಿಗೆ ತಂದ್ಬುಟ್ಟಿದೀನಲ್ಲೇ!"

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ನಗಲಿಲ್ಲ. ರೈಟರ್ ಅರವತ್ತು ಸೆಂಟನ್ನು ಯಾವುದರಲ್ಲಿ ನೋಡುತ್ತಾನೆ? ಅವರ ಮುಖ ನೋಡಿ ನಮ್ಮ ನಗುವೂ ನಿಂತಿತು. ಮಗಳು ಡಬ್ಬ, ಕತ್ತರಿ ಎರಡನ್ನೂ ತಂದು ಅವರ ಮುಂದಿಟ್ಟಳು. "ಬೇಕಾದ್ರೆ ತೆಗೀರಿ ತಾತ. ನಾನು ಏನೂ ಅನ್ನಲ್ಲ."

ಅಪ್ಪ ಕತ್ತರಿ ಕೈಗೆತ್ತಿಕೊಂಡರು. ಟೇಪಿನ ಮೇಲಿಟ್ಟು, ಮತ್ತೆ ಹಿಂದಕ್ಕೆ ತೆಗೆದರು.

"ಫೋನ್ ಮಾಡಿ ಏನಂತ ಹೇಳ್ಲಿ? ಗ್ಲಾಸ್ ಲಂಕೇಲೈತೆ ಅಂತಲಾ? ಮಧ್ಯಾಹ್ನದೊಳ್ಗೆ ಗುಂಪಲ್ಲಿ ಹಾಕಿ ತಾಲೂಕೆಲ್ಲ ನಗ್ತದೆ. ಇಡಮ್ಮ ಅದ್ನ. ಅವ್ನಿಗೂ ಕಣ್ಣೈತೆ."

ಆ ಕ್ಷಣದಿಂದ ನಮ್ಮ ಪ್ರವಾಸಕ್ಕೆ ಕಳೆ ಬಂತು. ಬೆಟ್ಟದ ರೈಲು ಸುರಂಗ ಹೊಕ್ಕಾಗಲೆಲ್ಲ ಅಪ್ಪ ಮಗಳೊಂದಿಗೆ ಸೇರಿ ಕೂಗು ಹಾಕಿದರು. "ಥೇಟ್ ನಮ್ಮ ಎಡಕುಮೇರಿ ಘಾಟಿ ರೈಲು ಕಣೋ!" ಎಂದು ನನ್ನ ಬೆನ್ನಿಗೆ ಗುದ್ದಿದರು. ದಾರಿ ತಪ್ಪಿದಾಗ ಮ್ಯಾಪ್ ನೋಡುವಂತಿರಲಿಲ್ಲ, ಜನರನ್ನು ಕೇಳಿದೆವು. ಹಾಗೆ ಕೇಳುತ್ತಲೇ ಐದನೆಯ ದಿನ ಒಂದು ಟೀ ಎಸ್ಟೇಟಿನ ಆಫೀಸು ತಲುಪಿದೆವು. ಅಂಗಳದಲ್ಲಿ ರೈನ್‌ಗೇಜ್ ಇತ್ತು! ಅಪ್ಪ ಓಡಿಯೇ ಹೋದರು. ನಮ್ಮ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಕಲಿತ ತಮಿಳಿನಲ್ಲಿ, ನಿನ್ನೆ ಎಷ್ಟು ಬಿತ್ತು ಎಂದು ಅಲ್ಲಿನ ಗುಮಾಸ್ತರನ್ನು ಕೇಳಿದರು. ಅವರು ಮಿಲಿಮೀಟರಿನಲ್ಲಿ ಹೇಳಿದರು. ಅಪ್ಪ ಬೆರಳು ಮಡಚಿ ಅದನ್ನು ಸೆಂಟಿಗೆ ಇಳಿಸಿ, ಚೀಲದಿಂದ ತಮ್ಮ ಗ್ಲಾಸು ತೆಗೆದು ತೋರಿಸಿದರು.

ಗುಮಾಸ್ತರು ಗ್ಲಾಸನ್ನು ಬೆಳಕಿಗೆ ಹಿಡಿದು ಮೆಚ್ಚಿದರು. ಆಮೇಲೆ ಕೇಳಿದರು, ಇದು ಇಲ್ಲಿದ್ದರೆ ಅಲ್ಲಿ ನಿಮ್ಮವರು ಹೇಗೆ ಅಳೆಯುತ್ತಾರೆ? ಅಪ್ಪ ಗ್ಲಾಸನ್ನು ವಾಪಸು ತೆಗೆದುಕೊಂಡು ಸುತ್ತಿಟ್ಟರು. ಇಳಿಜಾರಿನಲ್ಲಿ ನಮ್ಮನ್ನೆಲ್ಲ ಹಿಂದೆ ಬಿಟ್ಟು ನಡೆದರು.

ಎಂಟನೆಯ ದಿನ ಬೆಂಗಳೂರಿನಲ್ಲಿ ಇಳಿದಾಗ ಮಗಳು ಟೇಪಿಗೆ ಉಗುರು ಹಾಕಿದಳು. ತಡೆದವರು ಅಪ್ಪ. "ಬ್ಯಾಡ. ಕಣ್ಣಲ್ಲೇ ನೋಡಣ." ಆಲೂರು ದಾಟುತ್ತಲೇ ಕಾರಿನ ಗಾಜುಗಳೆಲ್ಲ ಇಳಿದವು. ಸಕಲೇಶಪುರ ಕಳೆದು ವನಗೂರಿನ ದಾರಿ ಹಿಡಿದಾಗ ಮಲ್ಲಿಗೆಯಂಥ ಪರಿಮಳ ಕಾರಿನೊಳಗೆ ನುಗ್ಗಿತು. ಎರಡೂ ಕಡೆ ತೋಟಗಳು ಕಾಫಿ ಹೂವಿನಿಂದ ಬೆಳ್ಳಗಾಗಿದ್ದವು.

"ಬೇರೆಯವ್ರು ಸ್ಪ್ರಿಂಕ್ಲರ್ ಹಾಕಿರ್ತಾರೆ ಮಾರಾಯ, ಈಗ್ಲೇ ಕುಣೀಬ್ಯಾಡ," ಎಂದರು ಅಪ್ಪ. ಆದರೆ ಅವರ ಕೈ ಬಾಗಿಲಿನ ಹಿಡಿಯ ಮೇಲಿತ್ತು.

ಕೊನೆಯ ತಿರುವು. ನಮ್ಮ ತೋಟ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗೆ! ಜೇನುಹುಳುಗಳ ಸದ್ದು ಕಾರಿನ ಸದ್ದನ್ನು ಮೀರಿತ್ತು. ಕಾರು ನಿಲ್ಲುವ ಮೊದಲೇ ಅಪ್ಪ ಇಳಿದು ಕೆರೆಯ ಕಡೆ ನೋಡಿದರು. ನೀರು ನಾವು ಹೊರಟಾಗ ಇದ್ದ ಕಲ್ಲಿನ ಗುರುತಿನಿಂದ ಕೆಳಗಿಳಿದಿರಲಿಲ್ಲ.

ರೈಟರ್ ಸ್ಟೋರಿನ ಕಡೆಯಿಂದ ಬಂದರು. "ನೀವು ಹೋದ ಸಂಜೇನೆ ಮಳೆ ಹೊಡೀತು ಗೌಡ್ರೆ. ಗ್ಲಾಸ್ ಹುಡ್ಕಿ ಹುಡ್ಕಿ ಸಾಕಾಗೋಯ್ತು. ನೀವು ಹೊತ್ಕಂಡು ಹೋಗಿದೀರಿ ಅಂತ ಆಮ್ಯಾಕೆ ಹೊಳೀತು."

"ಮತ್ತೆ ಮೋಟರ್ ಹಾಕ್ಬಾರ್ದು ಅಂತ ಹೆಂಗ್ ಗೊತ್ತಾಯ್ತೋ?"

"ನಾಕು ಕಡೆ ಗುದ್ಲಿ ಹಾಕಿ ನೋಡ್ದೆ. ಗೇಣುದ್ದ ನೆಂದಿತ್ತು. ನಮ್ಮಪ್ಪ ಹಂಗೇ ನೋಡ್ತಿದ್ದ. ಅರವತ್ತಕ್ಕೆ ಮೋಸ ಇಲ್ಲ ಅಂತ ಸುಮ್ನಾದೆ."

"ಗುಂಪಿಗೆ ಏನ್ ಹಾಕ್ದೆ?"

"ಅಳೀದೆ ಏನ್ ಹಾಕ್ಲಿ? ಏನೂ ಹಾಕ್ಲಿಲ್ಲ." ಹೀಗೆಂದು ಒಳಗೆ ಹೋಗಿ ಬಿಗಿಯಾಗಿ ಬಿರಡೆ ಹಾಕಿದ ಒಂದು ಬಾಟಲಿ ತಂದರು. "ಕ್ಯಾನಲ್ಲಿದ್ದ ನೀರು. ಒಂದ್ ಹನಿ ಚೆಲ್ಲದಂಗೆ ಬಸ್ದು ಇಟ್ಟಿದೀನಿ. ನೀವೇ ಅಳೀರಿ."

ಅಪ್ಪ ಜಗಲಿಯ ಮೇಲೆ ಕೂತು ಟವೆಲ್ ಬಿಚ್ಚಿದರು. ಆ ಗ್ಲಾಸಿಗೆ ಹಿಡಿಯುವುದು ಐವತ್ತು ಸೆಂಟು. ಒಂದು ಸಲ ತುಂಬಿತು. ಮಗಳು ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿದ್ದಳು. ಎರಡನೆಯ ಸಲವೂ ತುಂಬಿತು. ಬಾಟಲಿಯಲ್ಲಿ ಇನ್ನೂ ಇತ್ತು.

"ಎಂಟು, ತಾತ! ನೂರಾ ಎಂಟು!"

ಅಪ್ಪ ಪುಸ್ತಕವನ್ನೂ ಪೆನ್ನನ್ನೂ ರೈಟರ್ ಕೈಗೆ ಕೊಟ್ಟು, "ನೀನೇ ಬರಿ," ಎಂದರು. ಬಿಸ್ಕತ್ತಿನ ಡಬ್ಬ ಕಾರಿನ ಹಿಂದಿನ ಸೀಟಿನಲ್ಲೇ ಇತ್ತು. ಅದು ನಮಗೆ ನೆನಪಾದದ್ದು ಮರುದಿನ ಮಧ್ಯಾಹ್ನ.