ತುಂಬಿದೆ, ಅರ್ಧ ಇದೆ, ಖಾಲಿ

ಗಾಜಿನ ಹಾಗೆ ಆಚೆಯದೆಲ್ಲ ಕಾಣುವ ಹಾಳೆಯ ಮೇಲೆ ನೀವು ಎಂದಾದರೂ ಬರೆದಿದ್ದೀರೋ ಇಲ್ಲವೋ, ನನಗೆ ತಿಳಿಯದು. ಬರೆದಿಲ್ಲವಾದರೆ ನಿಮ್ಮ ಪುಣ್ಯ. ಭಾಷಣಕಾರರು ತಮ್ಮ ವಿಷಯವನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದು ತರತಕ್ಕದ್ದು, ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಯಂತ್ರ ತಮ್ಮಲ್ಲಿದೆ ಎಂದು ಬೆಂಗಳೂರಿನ ಸಮ್ಮೇಳನದವರು ಪತ್ರ ಕಳಿಸಿದ್ದರು. ಚಳ್ಳಕೆರೆಯ ಅಂಗಡಿಯಲ್ಲಿ ಅಂಥ ಹಾಳೆ ಕೇಳಿದರೆ ಅಂಗಡಿಯವನು ಮಕ್ಕಳ ಪುಸ್ತಕಕ್ಕೆ ಹೊದಿಸುವ ಪ್ಲಾಸ್ಟಿಕ್ ಸುರುಳಿಯನ್ನು ಬಿಚ್ಚಿ, ಎಷ್ಟು ಮೀಟರು ಎಂದು ಕೇಳಿದ. ಕಡೆಗೆ ಚಿತ್ರದುರ್ಗದಿಂದ ತರಿಸಿದ ಹಾಳೆಗಳ ಮೇಲೆ ನಾನು ಬರೆಯುವುದು, ನನ್ನ ಬೆವರಿನ ಕೈ ಅದನ್ನು ಒರೆಸುವುದು, ಹೀಗೆ ಮೂರು ದಿನ ನಡೆಯಿತು. ಬೇಸಿಗೆಯ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳ ಕಡಲೆಕಾಯಿ ಹಿಂಡಿಯ ವಾಸನೆ ಹೊತ್ತು ಬರುವ ಗಾಳಿ ಕೂಡ ದಣಿದಿರುತ್ತದೆ, ಮನುಷ್ಯನ ಪಾಡೇನು ಹೇಳಿ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ನಾನು ಟೈಪಿಂಗ್ ಕಲಿಸುತ್ತಿದ್ದ ಕೋಣೆಯಲ್ಲಿ ಎರಡು ಕಂಪ್ಯೂಟರುಗಳನ್ನಿಟ್ಟು, ‘ಟೈಪ್ ಮೇಷ್ಟ್ರು’ ಎಂಬ ಹೆಸರನ್ನು ‘ಕಂಪ್ಯೂಟರ್ ಮೇಷ್ಟ್ರು’ ಎಂದು ಬಡ್ತಿ ಮಾಡಿಸಿಕೊಂಡಿದ್ದೆ. ಕುರಿಗಾರರಿಗಾಗಿ ದುಡಿಯುತ್ತಿದ್ದ ಸಣ್ಣದೊಂದು ಸಂಸ್ಥೆಯವರು, ಹಳ್ಳಿ ಹಳ್ಳಿಯ ಲಸಿಕೆ ಪೆಟ್ಟಿಗೆಗಳಲ್ಲಿ ಎಲ್ಲೆಲ್ಲಿ ಮದ್ದು ಇದೆ, ಎಲ್ಲೆಲ್ಲಿ ಇಲ್ಲ ಎಂಬುದನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡಲು ಕೇಳಿದರು. ಹೀಗೆ ಜೋಡಿಸಿಟ್ಟದ್ದಕ್ಕೆ ದತ್ತಸಂಚಯ ಎಂಬ ಭಾರದ ಹೆಸರಿದೆ. ಹೆದರಬೇಡಿ, ಬೇಕಾದ್ದು ಬೇಕಾದಾಗ ಕೈಗೆ ಸಿಗುವಂತೆ ಇಟ್ಟ ಕಪಾಟು, ಅಷ್ಟೇ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿದ್ದ ಮುಕ್ತ ತಂತ್ರಾಂಶದ ಮೇಲೆ ನಾನು ನನ್ನ ಕಪಾಟನ್ನು ಕಟ್ಟಿದೆ. ಕಂಡರಿಯದ ಊರುಗಳ ಕಂಡರಿಯದ ಜನ ಕಟ್ಟಿ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಿ ಎಂದು ಬಿಟ್ಟುಕೊಟ್ಟದ್ದು ಅದು. ಉಂಡ ಮನೆಯ ಋಣವೆಂದು ನಾನೂ ನನ್ನದನ್ನು ಹಾಗೆಯೇ ಮುಕ್ತವಾಗಿ ಬಿಟ್ಟೆ. ಆದರೆ ವಸ್ತು ಮುಕ್ತವಾದ ಮಾತ್ರಕ್ಕೆ ಕಟ್ಟಿದವನಿಗೆ ಮುಕ್ತಿ ಸಿಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಬೇರೆ ಜಿಲ್ಲೆಯ ಎರಡು ಗುಂಪಿನವರು ಅದನ್ನು ತೆಗೆದುಕೊಂಡರು, ಅವರ ಪ್ರಶ್ನೆಗಳಿಗೆ ಉತ್ತರ ಬರೆದು ಬರೆದು ನನ್ನ ಬೆರಳು ಸವೆಯಿತು, ಅವರಲ್ಲೊಬ್ಬರ ಹೊಗಳಿಕೆ ಬೆಂಗಳೂರು ಮುಟ್ಟಿ ಈ ಆಹ್ವಾನ ಬಂತು.

ಭಾಷಣದ ನಾಲ್ಕನೆಯ ಹಾಳೆಗೆ ‘ಎದುರಾದ ತೊಂದರೆಗಳು’ ಎಂದು ತಲೆಬರಹ ಕೊಟ್ಟಿದ್ದೆ. ಅದರ ಕೆಳಗೆ ಬರೆಯಲು ನನ್ನಲ್ಲಿದ್ದದ್ದು ಒಂದೇ ದೊಡ್ಡ ತೊಂದರೆ, ಎರಡು ವರ್ಷದ ಹಿಂದಿನದು.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ಲಸಿಕೆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವರು ಪಾಲಮ್ಮ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ವಾರಕ್ಕೊಮ್ಮೆ ಅವರು ಒಂದು ಅಚ್ಚಾದ ಚೀಟಿಯಲ್ಲಿ ಗುರುತು ಹಾಕಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಳ್ಳಕೆರೆಗೆ ಕಳಿಸಬೇಕು, ನಾನು ಅದನ್ನು ಕಂಪ್ಯೂಟರಿಗೆ ಉಣ್ಣಿಸಬೇಕು. ಹೆಚ್ಚು ಬರೆಯುವ ಕಷ್ಟ ಯಾರಿಗೂ ಬೇಡವೆಂದು ಚೀಟಿಯಲ್ಲಿ ನಾನು ಮೂರೇ ಮನೆಗಳನ್ನು ಹಾಕಿದ್ದೆ: ತುಂಬಿದೆ, ಅರ್ಧ ಇದೆ, ಖಾಲಿ. ಸಿದ್ದಾಪುರದಿಂದ ಯಾವಾಗಲೂ ‘ಅರ್ಧ ಇದೆ’ ಎಂದೇ ಬರುತ್ತಿತ್ತು. ಆ ವರ್ಷ ಮುಂಗಾರಿನ ಮುಂಚೆ ಮೂರು ವಾರ ‘ತುಂಬಿದೆ’ ಎಂದು ಬಂತು. ಕಂಪ್ಯೂಟರು ಸಿದ್ದಾಪುರವನ್ನು ಬಿಟ್ಟು ಉಳಿದ ಊರುಗಳಿಗೆ ಮದ್ದು ಹಂಚಿತು. ಮಳೆ ಬಿತ್ತು, ಎಳೆ ಹುಲ್ಲು ಬಂತು, ಹಸಿರನ್ನು ಕಂಡು ಮೈಮರೆತು ಮೇಯ್ದ ಕುರಿಗಳಿಗೆ ಕರುಳುಬೇನೆ ಬಂತು. ಅದೇ ಊರಿನ ಬೋರಯ್ಯ ಎಂಬ ಹಿರಿಯ ಕುರಿಗಾರರ ಹಟ್ಟಿಯಲ್ಲಿ ಅರ್ಧ ಮಂದೆ ಎರಡೇ ದಿನದಲ್ಲಿ ಕಾಲು ಚಾಚಿ ಮಲಗಿತು.

ಸಂಸ್ಥೆಯವರು ಪಾಲಮ್ಮನನ್ನು ಕರೆಸಿ ವಿಚಾರಿಸಿದರು. ನಾನೂ ಅಲ್ಲಿದ್ದೆ. ಗುರುತು ಹಾಕಿದ್ದು ನೀವೇನಾ ಎಂದರು, ಹೌದು ಎಂದರು. ಪೆಟ್ಟಿಗೆಯಲ್ಲಿ ಮದ್ದಿತ್ತಾ ಎಂದರು, ಪಾಲಮ್ಮ ಇಲ್ಲವೆಂದು ತಲೆಯಾಡಿಸಿದರು. “ನಾನು ಬರ್ದು ಕಳ್ಸೀನಿ ಸ್ವಾಮಿ, ಮೂರ್ ಸಲ ಕಳ್ಸೀನಿ” ಎಂದು ಅದೊಂದನ್ನೇ ಹೇಳುತ್ತ ನಿಂತರು. ಇಲ್ಲದ್ದನ್ನು ಇದೆ ಎಂದು ಏಕೆ ಬರೆದಿರಿ ಎಂದು ಗದರಿದವರಿದ್ದರೇ ಹೊರತು, ಆ ‘ಏಕೆ’ಗೆ ಉತ್ತರ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಕಂಪ್ಯೂಟರು ತಪ್ಪು ಮಾಡುವುದಿಲ್ಲ, ಮನುಷ್ಯರು ಮಾಡುತ್ತಾರೆ ಎಂದು ನಾನು ದೊಡ್ಡ ಮನುಷ್ಯನಂತೆ ಹೇಳಿದೆ. ಪಾಲಮ್ಮನನ್ನು ಕೆಲಸದಿಂದ ಬಿಡಿಸಿದರು.

ಆ ಮಾತನ್ನೇ ನಾಲ್ಕನೆಯ ಹಾಳೆಯಲ್ಲಿ ಬರೆಯುತ್ತಿದ್ದೆ. ‘ಮಾಹಿತಿ ಕೊಡುವವರ ಅಜಾಗರೂಕತೆ’ ಎಂದು, ನೀಲಿ ಮಸಿಯಲ್ಲಿ, ದುಂಡಗೆ. ಒಳಗಿನಿಂದ ಅವ್ವ ಕೂಗಿದಳು. “ಏನೋ, ಉಪ್ಪು ತುಂಬೈತೆ ಕಣಪ್ಪ, ಅಂಗಡಿಗೆ ಹೋಗಿ ಒಂದ್ ಪಾಕೀಟು ತಗಂಬಾ.”

ಬರೆಯುತ್ತಿದ್ದ ಕೈ ನಿಂತುಹೋಯಿತು.

ನಿಮ್ಮ ಮನೆಯಲ್ಲೂ ಈ ಮಾತು ಕೇಳಿರುತ್ತೀರಿ. ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ತುಂಬಿತು ಎನ್ನುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಟವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತಾರೆ. ಮೊಳಕಾಲ್ಮೂರಿನ ಕಡೆ ತೆಲುಗಿನವರೂ ಹಾಗೆಯೇ, ಅಕ್ಕಿ ತೀರಿದರೆ ‘ಬಿಯ್ಯಂ ನಿಂಡುಕುನ್ನಾಯಿ’, ಅಂದರೆ ತುಂಬಿಕೊಂಡಿವೆ ಎನ್ನುತ್ತಾರೆ. ಇಲ್ಲ ಎಂಬ ಮಾತನ್ನು ಬಾಯಲ್ಲಿ ಆಡಿದರೆ ಅದು ಮನೆಯಲ್ಲೇ ಕಾಲು ಮಡಿಸಿ ಕೂತುಬಿಟ್ಟೀತು ಎಂಬ ಭಯ ನಮ್ಮ ಹೆಂಗಸರದು. ಕುರಿಯೇ ಬದುಕಾದ ಊರಿನಲ್ಲಿ ಕುರಿಯ ಮದ್ದು ಉಪ್ಪು ಅಕ್ಕಿಗಿಂತ ಕಡಿಮೆಯೇ? ಅದಿಟ್ಟ ಪೆಟ್ಟಿಗೆಯನ್ನು ‘ಖಾಲಿ’ ಎಂದು ಪಾಲಮ್ಮ ಹೇಗೆ ಬರೆದಾರು? ಮೂರು ಮನೆಗಳಲ್ಲಿ ತಾವು ಹೇಳಬೇಕಾದ ಮಾತನ್ನೇ ಅವರು ಆರಿಸಿದ್ದರು. ಈ ಮಾತನ್ನು ಕೇಳುತ್ತಲೇ ಬೆಳೆದ ನಾನು ಚೀಟಿ ಮಾಡುವಾಗ ಅದನ್ನು ಮರೆತಿದ್ದೆ. ಹೋಗಲಿ, ಒಂದು ಬಾಟಲಿಯನ್ನೂ ಕಳಿಸದೆ ಅರ್ಧವಿದ್ದದ್ದು ತುಂಬಿದ್ದು ಹೇಗೆ ಎಂದು ಒಬ್ಬ ಕಿರಾಣಿ ಅಂಗಡಿಯವನಾದರೂ ಕೇಳುತ್ತಿದ್ದ. ಕಂಪ್ಯೂಟರು ಕೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ನನ್ನ ತಪ್ಪನ್ನು ಅವರ ಮುಖಕ್ಕೆ ಒರೆಸಿ ಎರಡು ವರ್ಷ ಹಾಯಾಗಿದ್ದೆ.

ನಿಜ ಹೇಳುತ್ತೇನೆ, ನನಗೆ ಆಗ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಆಯಾಸ. ಸಮ್ಮೇಳನಕ್ಕೆ ಇನ್ನೊಂದೇ ವಾರ. ಹಾಳೆಗಳು ಬಹುಪಾಲು ಮುಗಿದಿವೆ. ಹಳೆಯ ಮಾತು, ಯಾರು ಕೇಳುತ್ತಾರೆ, ಬಿಟ್ಟುಬಿಡು ಎಂದು ಮೈಯೆಲ್ಲ ಹೇಳಿತು. ವಯಸ್ಸಾದಂತೆ ಮನುಷ್ಯ ಕೆಟ್ಟವನಾಗುವುದಕ್ಕಿಂತ ದಣಿದವನಾಗುವುದೇ ಹೆಚ್ಚು, ದಣಿದವನು ಮಾಡುವ ಅನ್ಯಾಯವೇನೂ ಕಡಿಮೆಯದಲ್ಲ. ಆದರೆ ನನ್ನ ಚೀಟಿಯನ್ನು ಹಾಗೆಯೇ ನಕಲು ಮಾಡಿಕೊಂಡ ಆ ಎರಡು ಗುಂಪುಗಳ ನೆನಪು ಬಿಡಲಿಲ್ಲ. ಬೆಂಗಳೂರಿನಲ್ಲಿ ನಾನು ಚೆನ್ನಾಗಿ ಮಾತಾಡಿದಷ್ಟೂ ಅದನ್ನು ತೆಗೆದುಕೊಳ್ಳುವವರು ಹೆಚ್ಚುತ್ತಾರೆ. ಅಲ್ಲೆಲ್ಲ ಯಾವ ಪಾಲಮ್ಮ ಯಾವ ಮನೆಗೆ ಗುರುತು ಹಾಕಿ ಕಾಯುತ್ತ ಕೂತಿರುತ್ತಾರೋ! ಅವ್ವನಿಗೆ ಉಪ್ಪು ತಂದುಕೊಟ್ಟು, ಮರುದಿನ ಬೆಳಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಪಾಲಮ್ಮ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಕೂಲಿಗೆ ತಂದ ಕಾಯಿ. ನನ್ನನ್ನು ಕಂಡು ಎದ್ದು, ಗೋಣಿಚೀಲ ಹಾಸಿ, “ಕುಂದ್ರಿ ಮೇಷ್ಟ್ರೆ” ಎಂದರು. ಆ ಮರ್ಯಾದೆಗೆ ನಾನು ಇನ್ನಷ್ಟು ಕುಗ್ಗಿದೆ. ಬಂದ ಕಾರಣ ಹೇಳಿ, ಖಾಲಿ ಎಂದು ಏಕೆ ಬರೆಯಲಿಲ್ಲ ಎಂದು ಕೇಳಿದೆ. ಅವರು ಕಾಯಿ ಸುಲಿಯುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡರು.

“ಅಲ್ರೀ, ಖಾಲಿ ಅಂತ ಹೆಂಗೆ ಬರೀಲಿ? ಮದ್ದಿನ ಪೆಟ್ಟಿಗೆ ಅದು,” ಎಂದರು, ನನ್ನ ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. “ತುಂಬೈತೆ ಅಂದ್ರೆ ಕಳಸ್ರಿ ಅಂತ ತಿಳೀಬೇಕು. ಬೇಕು ಅಂತ ಒಂದು ಮನೆ ಹಾಕಿದ್ರೆ ಅದಕ್ಕೇ ಗುರ್ತು ಹಾಕ್ತಿದ್ದೆ.”

ಬೇಕು! ನಾಲ್ಕು ತಿಂಗಳು ಕೂತು ಕಟ್ಟಿದ ಕಪಾಟಿನಲ್ಲಿ ಆ ಎರಡಕ್ಷರಕ್ಕೆ ಜಾಗ ಇರಲಿಲ್ಲ.

ಬೆಂಗಳೂರಿನ ಸಭೆಯಲ್ಲಿ ಎಲ್ಲರೆದುರು ಇದನ್ನು ಹೇಳುತ್ತೇನೆ, ತಪ್ಪು ನನ್ನದೆಂದು ಒಪ್ಪಿಕೊಳ್ಳುತ್ತೇನೆ, ಸಂಸ್ಥೆಗೂ ಬರೆದುಕೊಡುತ್ತೇನೆ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ಪಾಲಮ್ಮ ಮೊದಲ ಬಾರಿಗೆ ಕೈ ನಿಲ್ಲಿಸಿದರು.

“ಬೆಂಗ್ಳೂರಾಗಿನ ಜನಕ್ಕೆ ನಾನ್ಯಾರು ಅಂತ ಗೊತ್ತೈತೇನ್ರಿ? ನಂಗೆ ಅವ್ರೇನು ಆಗ್ಬೇಕು?” ಎಂದರು. “ಬೋರಣ್ಣನ ಮನೆ ಆ ಬೇವಿನ ಮರದತ್ರ ಐತೆ. ಎರಡು ವರ್ಷಾತು, ನನ್ನ ಕಂಡ್ರೆ ಮುಖ ತಿರುಗಿಸ್ಕಂಡು ಹೋಗ್ತಾನೆ. ಮೊದ್ಲು ಅಲ್ಲಿ ಹೋಗಿ ಹೇಳ್ರಿ.”

ಹೇಳಬೇಕಾದ ಸಭೆ ಯಾವುದೆಂದು ನನಗೆ ಹೊಳೆದಿರಲಿಲ್ಲ. ಐವತ್ತು ಹೆಜ್ಜೆಯೂ ಇಲ್ಲದ ಆ ದಾರಿ ನನಗೆ ಬೆಂಗಳೂರಿಗಿಂತ ದೂರವೆನಿಸಿತು. ಬೋರಯ್ಯ ಬೇವಿನ ನೆರಳಲ್ಲಿ ಕಂಬಳಿ ಹಾಸಿಕೊಂಡು, ಹಗ್ಗ ಹೊಸೆಯುತ್ತ ಕೂತಿದ್ದರು. ಹಿಂದಿನ ಹಟ್ಟಿಯಲ್ಲಿ ಎಳೆಯ ಮರಿಗಳು ಅರಚುತ್ತಿದ್ದವು. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಹಾಳೆಯಿಲ್ಲದೆ, ಯಂತ್ರವಿಲ್ಲದೆ, ಮಣ್ಣಿನ ಮೇಲೆ ಬೆರಳಿನಿಂದ ಮೂರು ಮನೆ ಗೀಚಿ, ಇದು ತುಂಬಿದೆ, ಇದು ಅರ್ಧ, ಇದು ಖಾಲಿ ಎಂದು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಕುರಿಗಳು ಸತ್ತದ್ದು ನನ್ನ ತಪ್ಪಿನಿಂದ, ಪಾಲಮ್ಮನ ತಪ್ಪಿನಿಂದಲ್ಲ ಎಂದೂ ಹೇಳಿದೆ. ಇಷ್ಟು ಕಷ್ಟದ ಮಾತನ್ನು ಅದುವರೆಗೆ ನಾನು ಆಡಿರಲಿಲ್ಲ.

ಅವರು ಬಾಗಿ ಆ ಮೂರು ಮನೆಗಳನ್ನು ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಆ ವಾರ ನಾನೇ ಹೋಗಿ ಕೇಳಿದ್ದೆ, ಮದ್ದು ಐತೇನವ್ವ ಅಂತ,” ಎಂದರು. “ತುಂಬೈತಣ್ಣ, ಬರ್ದು ಕಳ್ಸೀನಿ, ಬರ್ತೈತೆ ಅಂದ್ಳು. ಇಲ್ಲ ಅಂತ ನಂಗೆ ತಿಳೀತು, ತಿರುಗಿ ಬಂದೆ. ಕುರಿ ಸತ್ತ ಮ್ಯಾಲೆ, ನೀನು ಬರ್ದೇ ಇಲ್ಲ, ಸುಳ್ಳು ಹೇಳ್ತೀಯ ಅಂತ ಊರ ಮುಂದೆ ಅಂದ್ಬಿಟ್ಟೆ. ಮಕ್ಕಳ ಮ್ಯಾಲೆ ಆಣೆ ಇಟ್ಟು ಹೇಳಿದ್ಳು. ನಂಬಲಿಲ್ಲ ನಾನು.”

ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದರು. ನಾನು ಹಿಂದೆ ಹಿಂದೆ ಹೋದೆ. ಪಾಲಮ್ಮನ ಅಂಗಳದ ಅಂಚಿಗೆ ಬಂದು, ಒಳಗೆ ಕಾಲಿಡದೆ, ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು. ಪಾಲಮ್ಮ ತಲೆಯೆತ್ತಿ ನೋಡಿದರು.

“ಪಾಲಮ್ಮಾ,” ಎಂದರು ಬೋರಯ್ಯ, “ನೀನು ಬರ್ದಿದ್ದೆ ಕಣವ್ವ. ಈ ಮೇಷ್ಟ್ರಿಗೆ ಓದಾಕೆ ಬರ್ಲಿಲ್ಲ.”