ಗದ್ದೆ ಏಡಿ ಅಳಿವೆಗಿಳಿದದ್ದು

ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪನ ತಂಗಿ ನನ್ನನ್ನು ತನ್ನ ದೋಣಿಯಿಂದ ಇಳಿಸಿಬಿಟ್ಟಿದ್ದಳು. ದೋಣಿ ದಡ ಬಿಟ್ಟು ನಾಲ್ಕು ಮಾರು ಹೋಗಿರಲಿಲ್ಲ, ನಾನು ಹೆದರಿ ಎದ್ದು ನಿಂತಿದ್ದೆ. "ಈಕಿ ಗದ್ದಿ ಏಡಿ, ನೀರಿಂದು ಈಕಿಗೆ ತಿಳಿಯೂದಿಲ್ಲ" ಎಂದು ದಡದಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಅತ್ತೆಯೂ ನಮ್ಮ ಹಾಗೆ ಹಳಿಯಾಳದ ಗದ್ದೆಗಳ ನಡುವೆ ಹುಟ್ಟಿದವಳೇ. ಮದುವೆಯಾಗಿ ಕಾರವಾರದ ಕಡೆ ಹೋಗಿ, ಕಾಳಿ ಹೊಳೆ ಸಮುದ್ರ ಸೇರುವಲ್ಲಿ ಏಡಿ ಹಿಡಿಯುವುದನ್ನು ಕಲಿತು ದೊಡ್ಡ ಮನುಷ್ಯಳಾಗಿದ್ದಳು. ಆ ಮಾತು ನನ್ನ ಹೊಟ್ಟೆಯಲ್ಲಿ ಇಪ್ಪತ್ತೈದು ವರ್ಷ ಕುದಿಯಿತು. ನಾನು ಸುಲಭಕ್ಕೆ ಮರೆಯುವವಳಲ್ಲ.

ಈಗ ನಾನು ದಾಂಡೇಲಿಯಲ್ಲಿ, ಅದೇ ಕಾಳಿಯ ದಡದ ಒಂದು ಬೋಟಿಂಗ್ ಜಾಗದಲ್ಲಿ ಕೆಲಸ ಮಾಡುತ್ತೇನೆ. ಬಂದವರಿಗೆ ಲೈಫ್ ಜಾಕೆಟ್ ಕಟ್ಟುವುದು, ಬಿಚ್ಚುವುದು, ತೊಳೆದು ಒಣಹಾಕುವುದು. ನನ್ನ ಕಪ್ಪು ಮೈಬಣ್ಣ, ಗುಂಗುರು ಕೂದಲು ನೋಡಿ ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುವವರಿಗೆ "ಹಳಿಯಾಳ ತಾಲೂಕರೀ" ಎಂದು ಹೇಳಿ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿಯುತ್ತೇನೆ. ಸಂಜೆ ಅವರೆಲ್ಲ ಹೋದ ಮೇಲೆ ಕಯಾಕ್ ಎಂಬ ಪುಟ್ಟ ದೋಣಿ ನಡೆಸುವುದನ್ನು ನನ್ನಷ್ಟಕ್ಕೆ ನಾನೇ ಕಲಿತೆ.

ಈ ವರ್ಷ ಮಕ್ಕಳ ಪರೀಕ್ಷೆ ಶುರುವಾಗಿ ಪ್ರವಾಸಿಗರು ಕಡಿಮೆಯಾದಾಗ, ಮಾಲೀಕರನ್ನು ಕೇಳಿ, ತೇಪೆ ಹಾಕಿದ್ದ ಎರಡು ಸೀಟಿನ ಹಳೆಯ ಕಯಾಕೊಂದನ್ನು ಟೆಂಪೋಗೆ ಹೇರಿಕೊಂಡು ನಾಲ್ಕು ದಿನಕ್ಕೆ ಅತ್ತೆಯ ಊರಿಗೆ ಹೋದೆ. ಅವಳ ದೋಣಿ ಹೋದ ಮಳೆಗಾಲದಲ್ಲಿ ಒಡೆದಿತ್ತು. ಮೊಣಕಾಲು ಅದಕ್ಕೂ ಮೊದಲೇ ಕೈಕೊಟ್ಟಿತ್ತು. ನಾನು ಹೋದದ್ದು ಒಂದೇ ಕಾರಣಕ್ಕೆ: ಆ ಮಾತನ್ನು ಅವಳು ವಾಪಸ್ ತೆಗೆದುಕೊಳ್ಳಬೇಕು, ಅದೂ ದಡದ ಮೇಲೆ, ನಾಲ್ಕು ಜನರ ಮುಂದೆ.

"ಏಡಿ ಹಿಡಿಯಾಕ ಬಂದೇನಿ, ಅತ್ತಿ" ಎಂದೆ.

"ಇದರಾಗ?" ಅತ್ತೆ ಕಯಾಕನ್ನು ಕೋಲಿನಿಂದ ತಟ್ಟಿದಳು. "ಇದೇನು ಎಮ್ಮಿಗೆ ನೀರು ಕುಡಿಸೂ ಬಾನಿ ಏನ?"

ಆದರೂ ತನ್ನ ಐದು ಬಲೆಗಳನ್ನು ಕೊಟ್ಟಳು. ದುಂಡನೆಯ ಕಬ್ಬಿಣದ ಸರಳಿಗೆ ಹೆಣೆದ ಬಲೆ, ನಡುವೆ ಕಟ್ಟಿದ ಮೀನಿನ ತಲೆ, ಮೇಲಕ್ಕೊಂದು ಹಗ್ಗ, ಹಗ್ಗದ ತುದಿಗೆ ತೇಲಲು ಖಾಲಿ ಬಾಟಲಿ. ಏಡಿ ತಿನ್ನಲು ಬಂದು ಕೂತಾಗ ಒಂದೇ ಉಸಿರಿಗೆ ನೆಟ್ಟಗೆ ಮೇಲೆಳೆಯಬೇಕು. ತಡಮಾಡಿದರೆ ಅದು ಎದ್ದು ನಡೆದುಬಿಡುತ್ತದೆ.

ನೀರಿಗಿಳಿಯುವ ಮೊದಲು ನಾನೊಂದು ಪ್ರಶ್ನೆ ಕೇಳಿದೆ. ದಾಂಡೇಲಿಯಲ್ಲಿ ನಮ್ಮ ದಿನ ಶುರುವಾಗುವುದೇ ಆ ಪ್ರಶ್ನೆಯಿಂದ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ.

"ಅತ್ತಿ, ಇಲ್ಲೆ ನೀರು ಎಷ್ಟ ಗಂಟೇಕ ಬಿಡ್ತಾರ?"

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸಮುದ್ರಕ್ಕ ಗೇಟ್ ಐತೇನ? ಅದು ತಾನ ಬರತೈತಿ, ತಾನ ಹೋಗತೈತಿ!" ದಡದಲ್ಲಿ ಬಲೆ ರಿಪೇರಿ ಮಾಡುತ್ತಿದ್ದವರೂ ನಕ್ಕರು. ಸಿಟ್ಟಿಗೆ, ಅದು ಬಂದರೆ ಎಷ್ಟು ಏರುತ್ತದೆ ಎಂದು ಕೇಳದೆ ಹೊರಟುಬಿಟ್ಟೆ.

ಕೇಳಬೇಕಿತ್ತು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚಿನಲ್ಲಿ ಹುಟ್ಟು ಇಳಿಸಿ ಆಳ ನೋಡಿ, ಅಷ್ಟೇ ಹಗ್ಗ ಬಿಟ್ಟು, ಉಳಿದದ್ದನ್ನು ಅಚ್ಚುಕಟ್ಟಾಗಿ ಸುತ್ತಿ ಕಟ್ಟಿದ್ದೆ. ಭರತಿಯ ನೀರು, ಸಮುದ್ರದ ಉಬ್ಬರ, ಏರತೊಡಗಿತು. ಬಾಟಲಿಗಳು ಒಂದೊಂದಾಗಿ ಮಾಯವಾದವು. ಹೊಳೆ ಕೊಚ್ಚಿಕೊಂಡು ಹೋಯಿತೆಂದು ಸಮುದ್ರದ ಕಡೆ ಹುಡುಕುತ್ತ ಹೋದರೆ, ನೀರು ನನ್ನನ್ನು ವಾಪಸ್ ದಾಂಡೇಲಿಯ ದಿಕ್ಕಿಗೇ ತಳ್ಳುತ್ತಿತ್ತು. ತೋಳು ಬಿದ್ದುಹೋದವು. ಸಂಜೆ ನೀರು ಇಳಿದಾಗ ಐದೂ ಬಾಟಲಿಗಳು ಬಿಟ್ಟ ಜಾಗದಲ್ಲೇ ತಲೆ ಎತ್ತಿದವು. ಹಗ್ಗ ಸಾಲದೆ ಅಲ್ಲೇ ಮುಳುಗಿದ್ದವು. ಮೀನಿನ ತಲೆಗಳಲ್ಲಿ ಎಲುಬು ಮಾತ್ರ ಉಳಿದಿತ್ತು.

"ನಿನಗ ಗೊತ್ತಿತ್ತಲ್ಲ, ಯಾಕ ಹೇಳಲಿಲ್ಲ?" ಎಂದು ಕೂಗಾಡಿದೆ.

"ಹೇಳಿದ್ದರ ನಾಳಿಗೆ ಮರೀತಿದ್ದಿ" ಎಂದು ಅತ್ತೆ ಗಂಜಿ ಬಡಿಸಿದಳು.

ಎರಡನೆಯ ದಿನ ಹಗ್ಗ ಉದ್ದ ಬಿಟ್ಟೆ. ಬಾಟಲಿಗಳು ಕಾಣುತ್ತಿದ್ದವು, ಏಡಿ ಮಾತ್ರ ಬರಲಿಲ್ಲ. ನಮ್ಮಲ್ಲಿ ನೀರು ಬರುವುದು ಒಂದೇ ಕಡೆಯಿಂದ, ಹಾಗಾಗಿ ಅಭ್ಯಾಸಬಲದಿಂದ ಕಯಾಕಿನ ಮೂತಿಯನ್ನು ಬೆಟ್ಟದ ಕಡೆ ಮಾಡಿಕೊಂಡು ಬಾಟಲಿಯ ಹತ್ತಿರ ಹೋಗುತ್ತಿದ್ದೆ. ಸಮುದ್ರದ ನೀರು ಬೆನ್ನ ಹಿಂದಿನಿಂದ ನೂಕಿ ನನ್ನನ್ನು ಹಗ್ಗದ ಮೇಲೆಯೇ ಹಾಯಿಸುತ್ತಿತ್ತು. ಬಲೆ ಸೊಟ್ಟಗೆ ಮೇಲೆ ಬರುತ್ತಿತ್ತು. ಎರಡು ಏಡಿಗಳು ನನ್ನ ಕಣ್ಣೆದುರೇ ಜಾರಿಹೋದವು. ಅಳು ಬಂತು, ಅತ್ತೆಗೆ ಕಾಣದಂತೆ ಮುಖಕ್ಕೆ ನೀರು ಚಿಮುಕಿಸಿಕೊಂಡೆ. ಇಳಿಹೊತ್ತು ದಡದಲ್ಲಿ ಕೂತು ಒಂದು ತೇಲುವ ಎಲೆಯನ್ನೇ ನೋಡಿದೆ. ಅದು ಒಳಕ್ಕೆ ಹೋಯಿತು, ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಹೊರಕ್ಕೆ ತಿರುಗಿತು. ಅತ್ತೆ ಪಕ್ಕದಲ್ಲೇ ಕೂತು ಬಲೆಗಳಿಗೆ ಹೊಸ ಮೀನಿನ ತಲೆ ಕಟ್ಟುತ್ತಿದ್ದಳು.

ಮೂರನೆಯ ದಿನ ಮೊದಲು ಎಲೆ ನೋಡಿದೆ, ಅದು ಒಳಕ್ಕೆ ಹೋಗುತ್ತಿತ್ತು, ಆಮೇಲೆ ಮೂತಿಯನ್ನು ಸಮುದ್ರದ ಕಡೆ ತಿರುಗಿಸಿದೆ. ಹೇಳಿದ ಮಾತು ಕೇಳುವ ದನದಂತೆ ಕಯಾಕ್ ಬಾಟಲಿಯ ಪಕ್ಕದಲ್ಲಿ ನಿಂತಿತು. ಮೊದಲ ಬಲೆಯಲ್ಲಿ ಒಂದು ಏಡಿ! ಎರಡನೆಯದರಲ್ಲಿ ಎರಡು! ಮೂರನೆಯದರಲ್ಲಿ ಬಂದದ್ದು ಊಟದ ತಟ್ಟೆಯಷ್ಟು ಅಗಲದ ಕಪ್ಪು ಹಸಿರಿನ ರಾಕ್ಷಸ. ಅದು ಬಲೆಯಿಂದ ಹಾರಿ ನೇರ ನನ್ನ ಬರಿಗಾಲುಗಳ ನಡುವೆ ಬಿತ್ತು, ಕೊಂಡಿಗಳನ್ನು ಎತ್ತಿ ನಿಂತಿತು.

ಎದ್ದು ನಿಲ್ಲಬೇಕೆನಿಸಿತು. ನಿಲ್ಲಲಿಲ್ಲ. ಗದ್ದೆಯ ಬದುವಿನಲ್ಲಿ ಅವ್ವ ಹೇಳಿಕೊಟ್ಟಿದ್ದು ಕೈಗೆ ನೆನಪಿತ್ತು. ಬೆನ್ನ ಮೇಲೆ ಒತ್ತಿ, ಹಿಂದಿನಿಂದ ಹಿಡಿಯಬೇಕು. ಹುಟ್ಟಿನ ಅಗಲವಾದ ತುದಿಯಿಂದ ಅದರ ಬೆನ್ನನ್ನು ಅದುಮಿ, ಹಿಂಗಾಲುಗಳ ಬುಡದಲ್ಲಿ ಹಿಡಿದೆ. ಕೊಂಡಿಗಳಿಗೆ ದಾರ ಸುತ್ತಿ, ದಿನಕ್ಕೆ ನೂರು ಸಲ ಲೈಫ್ ಜಾಕೆಟ್ಟಿಗೆ ಹಾಕುವ ಗಂಟನ್ನೇ ಹಾಕಿದೆ. ಆಮೇಲೆ ಆ ಹೊಳೆಯ ನಡುವೆ ಒಬ್ಬಳೇ ಕೂತು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಅಷ್ಟು ಖುಷಿಯಾಗಿತ್ತು.

ದಡಕ್ಕೆ ಬಂದಾಗ ಬಲೆ ರಿಪೇರಿಯವರು ಕೆಲಸ ಬಿಟ್ಟು ಸುತ್ತ ನಿಂತರು. ಅತ್ತೆ ದೊಡ್ಡ ಏಡಿಯ ಗಂಟನ್ನು ಎಳೆದು ನೋಡಿದಳು. ಸಡಿಲವಾಗಲಿಲ್ಲ. ಹೊಳೆ ನೋಡಿದಳು, ನನ್ನನ್ನು ನೋಡಿದಳು.

"ನಾಳೆ ನೀರು ಎಷ್ಟ ಗಂಟೇಕ ಬರತೈತಿ?" ಎಂದು ಕೇಳಿದಳು.

ಗೇಲಿ ಇರಬೇಕೆಂದು ಅವಳ ಮುಖ ನೋಡಿದೆ. ನಗುತ್ತಿರಲಿಲ್ಲ. ಸುತ್ತ ಇದ್ದವರೂ ನಗಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಮೂರು ದಿನ ನೀರು ಏರಿದ ಹೊತ್ತನ್ನು ಲೆಕ್ಕ ಹಾಕಿ, "ಇವತ್ತಿಗಿಂತ ಮುಕ್ಕಾಲು ತಾಸು ತಡಾ" ಎಂದೆ.

ಅತ್ತೆ ತಲೆಯಾಡಿಸಿದಳು. "ಬರೋಬ್ಬರಿ. ಈಕಿಗೆ ನೀರು ತಿಳೀತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಕೋಲಿನ ತುದಿಯಿಂದ ಕಯಾಕನ್ನು ಮುಟ್ಟಿದಳು. "ಈ ಬಾನ್ಯಾಗ ಹಿಂದಿನ ಸೀಟ್ ಖಾಲಿ ಐತೇನ? ನಾನೂ ಬರ್ತೇನಿ."

ನನ್ನ ಜಾಕೆಟ್ ಬಿಚ್ಚಿ ಅವಳ ಎದೆಗೆ ಹಿಡಿದು ಅಳತೆ ನೋಡಿದೆ, ಪಟ್ಟಿಗಳನ್ನು ಸರಿಮಾಡಿದೆ.

"ಬಾ ಅತ್ತಿ" ಎಂದೆ. "ಆದರ ನಡುನೀರಾಗ ಎದ್ದು ನಿಂತರ ಇಳಿಸಿಬಿಡ್ತೇನಿ ನೋಡು."