ಹೆಣವಿಲ್ಲದ ಬಡಿತ

ನಾನು ನಿರ್ದೇಶಿಸಿದ್ದು ಒಂದೇ ಒಂದು ಸಿನಿಮಾ. ಅದೂ ಐದು ನಿಮಿಷದ್ದು.

ಎರಡನೇ ಮಹಾಯುದ್ಧದ ಕಾಲ. ಮಾದಾಪುರದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಮ್ಮ ಬಿಳಿ ದೊರೆಯ ಬಳಿ ಕೀಲಿ ಕೊಟ್ಟು ಓಡಿಸುವ ಸಿನಿಮಾ ಕ್ಯಾಮೆರಾ ಇತ್ತು. ಅದು ಚಿತ್ರ ಹಿಡಿಯುತ್ತಿತ್ತು, ಸದ್ದು ಹಿಡಿಯುತ್ತಿರಲಿಲ್ಲ. ಊರಿನ ಡೋಲಿನ ಅಜ್ಜನನ್ನು ಒಬ್ಬನನ್ನೇ ನಿಲ್ಲಿಸಿ, ಅವನು ನುಡಿಸುವುದನ್ನು ತೆಗೆಯಬೇಕೆಂದು ದೊರೆಗೆ ಆಸೆ. ಆದರೆ ಅವನ ಕನ್ನಡ ಅಷ್ಟಕ್ಕಷ್ಟೆ. ‘ನೀನೇ ಹೇಳಿ ಮಾಡಿಸು’ ಎಂದ. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು ನನಗೆ.

ಬಂಗಲೆಯ ಮುಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಅಜ್ಜನನ್ನು ನಿಲ್ಲಿಸಿದೆ. ಅವನು ಮದುವೆಯ ಬಡಿತ ನುಡಿಸಿದ. ಕೈ ಆಡಿದ್ದೇ ಕಾಣಲಿಲ್ಲ.

“ಏನಜ್ಜ, ನೊಣ ಓಡಿಸ್ತಿದೀಯಾ? ಸಾವಿಂದು ಬಡಿ. ಅದರಲ್ಲಿ ಕೈ ತಲೆಮೇಲೆ ಏಳುತ್ತೆ.”

ಅಜ್ಜ ಕೋಲು ಇಳಿಸಿದ. “ಯಾರು ಸತ್ತವ್ರೆ ರೈಟ್ರೆ?”

“ಯಾರೂ ಇಲ್ಲ ಮಾರಾಯ, ಚಿತ್ರಕ್ಕೆ.”

“ಹೆಣ ಇಲ್ದೆ ಅದನ್ನ ಬಡಿಯಂಗಿಲ್ಲ. ನಮ್ಮಪ್ಪನೂ ಬಡೀಲಿಲ್ಲ.”

“ಈ ಪೆಟ್ಟಿಗೆಗೆ ಕಿವಿ ಇಲ್ಲ ಕಣಜ್ಜ. ಬರೀ ಕೈ ಕಾಣೋದು.”

ಅವನು ದೊರೆಯ ಮುಖ ನೋಡಿದ. ಏನೂ ಅರ್ಥವಾಗದ ದೊರೆ ನಕ್ಕು ತಲೆಯಾಡಿಸಿದ. ದೊರೆಗೆ ಇಲ್ಲ ಅನ್ನುವ ಕಾಲವೇ ಅದು? ಅಜ್ಜ ಕಣ್ಣು ಮುಚ್ಚಿ ಬಡಿದ.

ನಮ್ಮ ಕಡೆ ಸಾವಿನ ಸುದ್ದಿ ಬಾಯಿಗಿಂತ ಮೊದಲು ಡೋಲಿನಲ್ಲಿ ಬರುತ್ತಿತ್ತು. ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಅಲ್ಲಲ್ಲೇ ನಿಂತರು. ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಪೆಟ್ಟಿಗೆಗೆ ಕಿವಿ ಇಲ್ಲದಿದ್ದರೆ ಊರಿಗೂ ಇರಲಿಲ್ಲವೇ? ನನ್ನ ಬುದ್ಧಿಗೆ ಮಣ್ಣು ಬೀಳ!

ಅಜ್ಜನ ಒಬ್ಬನೇ ಮಗ ಪಲ್ಟನ್ ಸೇರಿ ಮಲಯಾದ ಯುದ್ಧಕ್ಕೆ ಹೋಗಿದ್ದ. ಎರಡು ವರ್ಷದಿಂದ ಕಾಗದವಿಲ್ಲ. ಊರಿಗೆ ತಂತಿ ಬಂದರೆ ಬಂಗಲೆಗೇ ಬರಬೇಕು. ಬಂಗಲೆಗೆ ಹೋದ ಗಂಡ ಅಲ್ಲಿಂದಲೇ ಸಾವಿನ ಬಡಿತ ಬಡಿದರೆ, ಹೊಳೆಯಾಚೆ ಮನೆಯಲ್ಲಿದ್ದ ಅಜ್ಜಿ ಏನೆಂದು ತಿಳಿಯಬೇಕು?

ಕಾಫಿ ಗಿಡಗಳ ನಡುವಿನಿಂದ ಕೂದಲು ಬಿಚ್ಚಿಕೊಂಡು ಒಬ್ಬ ಹೆಂಗಸು ಓಡಿಬಂದಳು. ಅಜ್ಜನ ಕೈ ಮೇಲೆತ್ತಿದಲ್ಲೇ ನಿಂತಿತು. ಯಾರೆಂದು ನಾನು ಗಮನಿಸಲೂ ಇಲ್ಲ. “ನಿಲ್ಲಿಸಬೇಡ ಅಜ್ಜ, ಇನ್ನೊಂಚೂರು!” ಎಂದು ಕೂಗಿದೆ. ಹೆಂಡತಿಯ ಮುಖ ನೋಡುತ್ತಲೇ ಅವನು ಇನ್ನೂ ಮೂರು ಪೆಟ್ಟು ಹೊಡೆದ.

ಆಮೇಲೆ ನಾನೂ ಅಜ್ಜನೂ ಅವಳ ಕಾಲು ಹಿಡಿಯುವುದೊಂದು ಬಾಕಿ. ತಂತಿ ಬಂದಿಲ್ಲ, ಮಗ ಸತ್ತಿಲ್ಲ, ಇದು ದೊರೆಯ ಆಟ ಎಂದು ಹೇಳಿದ್ದೇ ಹೇಳಿದ್ದು. ಅಜ್ಜಿ ಗಂಡನನ್ನೇ ನೋಡುತ್ತಿದ್ದಳು. “ನಲ್ವತ್ತು ವರ್ಷ ಸುಳ್ಳು ಬಡೀದೇ ಇದ್ದೋನು ಇವತ್ತು ಬಡೀತೀಯಾ? ನನ್ನೆದೆ ಒಡ್ದೋಗುತ್ತೆ ಅಂತ ಮುಚ್ಚಿಡ್ತಿದೀಯ” ಎಂದಳು. ಹನ್ನೊಂದನೆಯ ದಿನದ ಕಾರ್ಯವನ್ನೂ ಮಾಡಿಸಿದಳು. ಅಜ್ಜ ಮತ್ತೆ ಡೋಲು ಮುಟ್ಟಲಿಲ್ಲ.

ಚಿತ್ರ ತೊಳೆದು ಬಂದಾಗ ದೊರೆ ಕಿಟಕಿಗಳನ್ನೆಲ್ಲ ಮುಚ್ಚಿಸಿ ಗೋಡೆಯ ಮೇಲೆ ತೋರಿಸಿದ. ಅಜ್ಜನ ಕೈ ಏಳುತ್ತದೆ, ಬೀಳುತ್ತದೆ. ಸದ್ದಿಲ್ಲ. ಅಂಚಿನಿಂದ ಅಜ್ಜಿ ಬಾಯಿ ತೆರೆದುಕೊಂಡು ಬರುತ್ತಾಳೆ. ಆಮೇಲಿನ ಮೂರು ಪೆಟ್ಟು ನನಗೆ ಸ್ಪಷ್ಟವಾಗಿ ಕೇಳಿಸಿತು. ದೇವರಾಣೆ, ಕೇಳಿಸಿತು. ಈಗಲೂ ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ಕೇಳಿಸಿ ಎದ್ದು ಕೂರುತ್ತೇನೆ.

ಯುದ್ಧ ಮುಗಿಯಿತು. ಜಪಾನಿಯರ ಸೆರೆಯಲ್ಲಿದ್ದ ಮಗ ಮೂಳೆ ಚಕ್ಕಳವಾಗಿ ಊರಿಗೆ ಬಂದನೆಂದು ಕೇಳಿ, ನನ್ನ ಪಾಪ ಕಳೆಯಿತು ಎಂದುಕೊಂಡು ಹೊಳೆ ದಾಟಿ ಓಡಿದೆ.

ಅವನು ಮನೆಯ ಹೊರಗೆ, ಅಂಗಳದ ದಕ್ಷಿಣದ ಮೂಲೆಯಲ್ಲಿ, ಸತ್ತವರಿಗೆ ಎಡೆ ಇಡುವ ಕಡೆ ಕೂತಿದ್ದ. ಮುಂದೆ ಬಾಳೆಲೆ. ಅಜ್ಜಿ ಅನ್ನ, ಮೀನು ಸಾರು ಬಡಿಸಿ, ಪಕ್ಕದಲ್ಲಿ ಒಂದು ಲೋಟ ಹೆಂಡ ಇಟ್ಟಳು. ಅವನ ಮುಖ ನೋಡದೆ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು.

“ಉಂಡ್ಕೊಂಡು ಹೋಗಪ್ಪ. ನಮ್ಗೇನೂ ತೊಂದ್ರೆ ಕೊಡ್ಬ್ಯಾಡ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಿನವೂ ಹೀಗೆಯೇ ಅಂತೆ; ಅಜ್ಜ ಎಷ್ಟು ಹೇಳಿದರೂ ನಂಬಳಂತೆ.

ಮಗ ಅನ್ನ ಕಲಸಿ ಬಾಯಿಗಿಟ್ಟುಕೊಂಡ. “ಅವ್ವನ ಕೈರುಚಿ ಹಂಗೇ ಐತೆ ರೈಟ್ರೆ” ಎಂದ.